ಅಳತೆ ಪುಸ್ತಕ

ಬಾ ಒಟ್ಸಿಲೆ. ಆ ಸ್ಟೂಲಿನ ಅಂಟು ಇನ್ನೂ ಒಣಗಿಲ್ಲ,
ಇತ್ತ ಕೂತುಕೋ.
ವಿಂಡ್‌ಮಿಲ್ ರೇಂಜರ್ಸಿಗೆ ಎಪ್ಪತ್ತೈದು ತುಂಬಿತೆಂದು
ಗೋಡೆಯ ಮೇಲೆ ಹನ್ನೊಂದು ಹೆಸರು ಬರೆಸುತ್ತೀರಂತೆ.
ಫೋಟೋ ಇಲ್ಲ. ಬೆಳ್ಳಿ ಕಪ್ಪನ್ನು ಯಾರೋ ಅಡವಿಟ್ಟರು.
ಕಚೇರಿಯ ಕಡತವನ್ನು ಗೆದ್ದಲು ಓದಿ ಮುಗಿಸಿತು.
ಉಳಿದದ್ದು ಇದೊಂದೇ:
ನಮ್ಮಪ್ಪ ಬೂಟು ಹೊಲಿಯುವ ಮುನ್ನ
ಒಬ್ಬೊಬ್ಬರನ್ನೂ ಹಾಳೆಯ ಮೇಲೆ ನಿಲ್ಲಿಸಿ
ಪಾದದ ಸುತ್ತ ಪೆನ್ಸಿಲು ಓಡಿಸಿದ ಪುಸ್ತಕ.

ಈ ಕಿಂಬರ್ಲಿ ವಜ್ರಕ್ಕೆಂದು ಅಗೆದೂ ಅಗೆದೂ
ಗುಂಡಿಯೊಂದನ್ನು ಉಳಿಸಿಕೊಂಡಿತು.
ಕಾಲ ಹೋಯಿತು ಅನ್ನುತ್ತಾರೆ ಜನ.
ಕಾಲು ಇಲ್ಲೇ ಇವೆ, ನೋಡು.

ಮೊದಲ ಪುಟ, ಗಾವಲಾಥೆ. ‘ನಿಧಾನದ ರೈಲು.’
ಅವನು ಓಡಿದ್ದನ್ನು ಯಾರೂ ಕಂಡಿಲ್ಲ.
ಚೆಂಡು ಬಂದು ಬೀಳುವ ಕಡೆ ಆಗಲೇ ನಿಂತಿರುತ್ತಿದ್ದ,
ಬಾಡಿಗೆ ವಸೂಲಿಗೆ ಬಂದವನ ಹಾಗೆ.
ಪಾದ ಚಪ್ಪಟೆ, ತಟ್ಟಿಟ್ಟ ರೊಟ್ಟಿ.
ಅಂಚಿನಲ್ಲಿ ಅಪ್ಪನ ಅಕ್ಷರ:
ಬಾಕಿ, ಎರಡೂವರೆ ಶಿಲಿಂಗ್.

ಇದು ಸೆಬೆತ್ಸೊ. ಎಡಗಾಲಿಗೆ ಆರು ಬೆರಳು.
ಆರನೆಯದರ ಹತ್ತಿರ ಪೆನ್ಸಿಲು ತುಸು ತಡೆದಿದೆ,
ಅಪ್ಪನಿಗೆ ನಗು ಬಂದಿರಬೇಕು.
ಚೆಂಡು ಹಾಗೆ ಬಾಗುವುದು ಆ ಬೆರಳಿನಿಂದಲೇ ಎಂದು
ಬ್ಲೂಮ್‌ಫಾಂಟೇನಿನವರು ದೂರು ಕೊಟ್ಟರು.
ದೊಡ್ಡವರೆಲ್ಲ ಕೂತು ಇಡೀ ರಾತ್ರಿ ಹುಡುಕಿದರು,
ಬೆರಳು ಎಣಿಸುವ ನಿಯಮ ಎಲ್ಲೂ ಸಿಗಲಿಲ್ಲ.
ಬಾಕಿ, ನಾಲ್ಕು.

ಈ ಹಾಳೆ ಅಲೆಯಲೆಯಾಗಿದೆಯಲ್ಲ,
ಗೋಲ್‌ಕೀಪರ್ ಸೆಲೆಬಾಲೊ ಇವನು.
ರಾತ್ರಿ ಪಾಳಿ ಮುಗಿಸಿ ಗಣಿಯಿಂದ ನೇರ ಬಂದಿದ್ದ,
ಬೆವರು ಕಾಲು.
ಪೆನಾಲ್ಟಿ ಹೊಡೆಯಲು ಬಂದವನೆದುರು ಮಂಡಿಯೂರಿ
ಕರ್ಚೀಫಿನಿಂದ ಅವನ ಬೂಟಿನ ಧೂಳು ಒರೆಸುತ್ತಿದ್ದ.
ಪಾಪ, ಆ ಹುಡುಗರು ನಾಚಿಕೊಂಡು
ಆಕಾಶಕ್ಕೆ ಹೊಡೆಯುತ್ತಿದ್ದರು.

ಇಲ್ಲಿ ಬಾ, ಬೆಳಕಿಗೆ ಹಿಡಿ.
ಎಡಗಾಲು ಪೂರ್ತಿ.
ಬಲಗಾಲು ಮುಕ್ಕಾಲು.
ಪೆನ್ಸಿಲು ಹಿಮ್ಮಡಿಗೆ ತಿರುಗುವ ಹೊತ್ತಿಗೆ
ಪಾಸು ಕೇಳುವ ಪೊಲೀಸರ ಗಾಡಿ ಬೀದಿಗೆ ಬಂತು.
ಮೊಂಥುಸಿ ಹಿಂಬಾಗಿಲಿನಿಂದ ಹೋದ.
ರೇಂಜರ್ಸ್ ಚರಿತ್ರೆಯಲ್ಲಿ ಅಂಥ ಓಟ ಇನ್ನೊಂದಿಲ್ಲ,
ನೋಡಿದವಳು ನಾನೊಬ್ಬಳು, ಏಳು ವರ್ಷ.
ಉಳಿದ ಕಾಲನ್ನು ಅಂದಾಜಿನಲ್ಲಿ ಅಳೆದು
ಅಪ್ಪ ಬೂಟು ಹೊಲಿದಿಟ್ಟ.
ಅಗೋ, ಮೇಲಿನ ಹಲಗೆಯಲ್ಲಿ.
ಇಳಿಸಬೇಡ.

ಟಿರೆಲೊ ಗೊತ್ತಲ್ಲ ನಿನಗೆ,
ಜೋಹಾನ್ಸ್‌ಬರ್ಗಿನ ದೊಡ್ಡ ಕ್ಲಬ್ಬು ಸೇರಿದವನು.
ಪಕ್ಕದ ಮನೆಯ ಟಿವಿಯಲ್ಲಿ ಅವನ ಗೋಲು ತೋರಿಸಿದಾಗ
ಎಲ್ಲರೂ ಕುಣಿದರು.
ಅಪ್ಪ ಕಾಲನ್ನೇ ನೋಡುತ್ತಿದ್ದ:
‘ಆ ಬೂಟು ಅವನಿಗೆ ಅರ್ಧ ಸೈಜು ದೊಡ್ಡದು.’

ಎಷ್ಟಾಯಿತು ನಿನ್ನ ಲೆಕ್ಕ? ಬರೆದುಕೋ, ಬರೆದುಕೋ.
ಆದರೆ ಈ ಖಾಲಿ ಪುಟವನ್ನು ಹಾಗೆ ಮಗುಚಬೇಡ.
ಮೇಲೆ ಹೆಸರಿದೆ, ಪೋಲೊ ಟ್ಶಿಪಾ. ಗೆರೆಯಿಲ್ಲ.
ಕೆಳಗೆ ಇಷ್ಟೇ: ಇವನಿಗೆ ಬೇಡವಂತೆ.

ಗಣಿಯ ಜಲ್ಲಿ ಸುರಿದ ಮೈದಾನ,
ಸುತ್ತ ಮುಳ್ಳು ಮರ.
ಅಲ್ಲಿ ಬರಿಗಾಲಲ್ಲಿ ಆಡಿದ, ಒಂದಲ್ಲ, ಹತ್ತು ವರ್ಷ.
ಬೂಟು ಹಾಕಿಕೊಂಡರೆ, ಅನ್ನುತ್ತಿದ್ದ,
ಚೆಂಡು ಪಕ್ಕದ ಮನೆಯಲ್ಲಿ ಮಾತಾಡಿದಂತೆ ಕೇಳಿಸುತ್ತದೆ,
ಗೋಡೆಯಾಚೆ.
ಪ್ರತಿ ಚಳಿಗಾಲ ಅಪ್ಪ ಹೊಸ ಚರ್ಮ ತೋರಿಸಿದ.
ಪ್ರತಿ ಚಳಿಗಾಲ ಅವನು ಸವರಿ ನೋಡಿ,
ಚೆನ್ನಾಗಿದೆ ಎಂದು ಹೇಳಿ,
ಚಹಾ ಕುಡಿದು ಹೋದ.
ಅವನಂತೆ ಆಡಿದವರಿಲ್ಲ ಎಂದು
ಕೊನೆಯ ವಾರದಲ್ಲೂ ಹೇಳಿದ ಅಪ್ಪ.
ಬೂಟು ಮಾರಿ ಬದುಕಿದ ಮನುಷ್ಯ!
ಈ ಪುಸ್ತಕದಲ್ಲೆಲ್ಲ ಬಾಕಿಯಿಲ್ಲದವನು ಅವನೊಬ್ಬ.

ಗೋಡೆಗೆ ಏನು ಬರೆಸುತ್ತೀರೋ ಬರೆಸಿ.
ನಿನ್ನ ಎಡ ಶೂ ಬಾಯಿ ಬಿಟ್ಟಿದೆ, ಬಿಚ್ಚು ಇಲ್ಲಿ.
ಅದನ್ನೂ ಬಿಚ್ಚು, ಕಾಲುಚೀಲವನ್ನು.
ನಾಲ್ಕು ಹೊಲಿಗೆ ಹಾಕುವಷ್ಟು ಹೊತ್ತು
ನೆಲದ ಮೇಲೆ ನಿಂತಿರು.
ತಣ್ಣಗಿದೆ, ಗೊತ್ತು.
ನಿಂತಿರು.